ಬರೆಯದೆ ಉಳಿದ ನಾಲ್ಕು ಸಾಲು

ಹೋದ ವಾರ ಹೊಳೆನರಸೀಪುರದಲ್ಲಿ ನಮ್ಮ ಕಾದಂಬರಿ ರಾಯರಿಗೆ ಸಂತಾಪ ಸಭೆ ಆಯಿತು. ಅಕ್ಕಿ ಗಿರಣಿ ಸಾಹುಕಾರರು ಅಧ್ಯಕ್ಷರು. "ರಾಯರ ಲೇಖನಿಯೇ ಖಡ್ಗ, ಹಾಳೆಯೇ ರಣರಂಗ, ಶಾಯಿಯೇ ರಕ್ತ" ಎಂದು ಅವರು ಮೇಜು ಗುದ್ದಿದರು. ಅರಕಲಗೂಡಿನಿಂದ ಬಂದಿದ್ದ ಕವಿಗಳು ಅದನ್ನೇ ಪದ್ಯ ಮಾಡಿ ಹಾಡಿದರು. ಹಾಸನದಿಂದ ಬಂದಿದ್ದ ಭಾಷಣಕಾರರು "ಅವರದು ಸಿಂಹದಂಥ ಎದೆ" ಎಂದಾಗ ಮಾತ್ರ ಹಿಂದಿನ ಬೆಂಚಿನಲ್ಲಿದ್ದ ನನಗೆ ಕೆಮ್ಮು ಬಂತು. ಇಪ್ಪತ್ತು ವರ್ಷ ರಾಯರ ಪಕ್ಕದ ಮನೆಯಲ್ಲಿದ್ದವನು ನಾನು. ನಮ್ಮ ಬೀದಿಯ ಹುಂಜವೊಂದಕ್ಕೆ ಹೆದರಿ ಆ ಸಿಂಹ ಸುತ್ತುದಾರಿ ಹಿಡಿದು ಕಚೇರಿಗೆ ಹೋಗುತ್ತಿತ್ತು.

ಸಭೆಯಲ್ಲಿ ನನ್ನನ್ನು ಯಾರೂ ಮಾತಾಡಿ ಎನ್ನಲಿಲ್ಲ. ನಾನು ಸೈಕಲ್ ಷಾಪಿನವನು. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟು ಸ್ಪ್ಯಾನರ್ ಹಿಡಿದೆ. ಅದಕ್ಕೆ ನನಗೆ ನಾಚಿಕೆಯೂ ಇಲ್ಲ, ಹೇಳಿಕೊಂಡು ಅಳುವ ಚಾಳಿಯೂ ಇಲ್ಲ. ನಾನು ಕಡ್ಡಿ ಬಿಗಿದ ಚಕ್ರ ಚನ್ನರಾಯಪಟ್ಟಣಕ್ಕೆ ಹೋಗಿ ಬಂದರೂ ಓಲಾಡುವುದಿಲ್ಲ. ಈ ಬರಹವೂ ಅಷ್ಟು ದೂರ ನೆಟ್ಟಗೆ ಹೋದರೆ ಸಾಕು.

ರಾಯರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಹಗಲು ಪಹಣಿ ನಕಲು ತೆಗೆಯುತ್ತಿದ್ದರು, ಸಂಜೆ ಅದೇ ಕೈಯಲ್ಲಿ ರಾಜ್ಯಗಳನ್ನು ಉರುಳಿಸುತ್ತಿದ್ದರು. ಅವರು ಬರೆಯುತ್ತಿದ್ದದ್ದೆಲ್ಲ ಹಳೆಯ ರಾಜರ ಕಾಲದ ಕಾದಂಬರಿ. ಮೈಸೂರಿನ ಒಬ್ಬ ಪ್ರಕಾಶಕರು ಅಚ್ಚು ಹಾಕುತ್ತಿದ್ದರು. ರೈಲ್ವೆ ಸ್ಟೇಷನ್ನಿನಲ್ಲಿ, ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಜನ ಕೊಂಡು ಓದುತ್ತಿದ್ದರು. ಸುಮ್ಮನೆ ಹೇಳಬಾರದು, ನಾನೂ ಓದಿದ್ದೇನೆ. ಒಂದು ಪುಸ್ತಕಕ್ಕೆ ಕಡಿಮೆಯೆಂದರೂ ಒಂದು ಸೈನ್ಯ ಸಾಯುತ್ತಿತ್ತು. ಕೊನೆಯ ಅಧ್ಯಾಯದಲ್ಲಿ ನಾಯಕ ವೀರಸ್ವರ್ಗಕ್ಕೆ ಹೋಗುತ್ತಿದ್ದ, ನಾಯಕಿ ತುರುಬಿಗೆ ಮಲ್ಲಿಗೆ ಮುಡಿದು ನಗುನಗುತ್ತಾ ಚಿತೆ ಏರುತ್ತಿದ್ದಳು. ಅದನ್ನು ಬರೆಯುವಾಗ ರಾಯರು ನಿಜಕ್ಕೂ ಬಿಕ್ಕುತ್ತಿದ್ದರು. ಗೋಡೆಯ ಈಚೆಗೆ ನಮಗೆ ಕೇಳಿಸುತ್ತಿತ್ತು. ಆಮೇಲೆ ಅವರ ಮನೆಯವರ ದನಿ ಬರುತ್ತಿತ್ತು: "ಅಲ್ಲಿ ಬೆಂಕಿ ಹಚ್ಚಿದ್ದಾಗಿದ್ರೆ, ಇಲ್ಲಿ ಬಂದು ಹಂಡೆ ಒಲೆಗೂ ಒಂದಿಷ್ಟು ಹಚ್ಚಿ. ನೀರು ತಣ್ಣಗಿದೆ."

ರಾಯರ ಪುಸ್ತಕದಲ್ಲಿ ಕುದುರೆ ಇಲ್ಲದ ಪುಟ ಇರಲಿಲ್ಲ. ಆದರೆ ಹಾಸನದ ಸ್ಟೇಷನ್ನಿನ ಮುಂದೆ ಒಂದು ಜಟಕಾ ಕುದುರೆ ಸೀನಿತು ಅಂತ ಅವರು ಕೊಡೆ ಬಿಟ್ಟು ಓಡಿದ್ದನ್ನು ನಾನೇ ಕಂಡಿದ್ದೇನೆ. ಒಮ್ಮೆ ಅಂಗಡಿಗೆ ಬಂದು ಗಂಭೀರವಾಗಿ ಕೇಳಿದರು: "ಅಲ್ಲಯ್ಯಾ, ನಾಗಾಲೋಟದಲ್ಲಿ ಹೋಗೋವಾಗ ಸವಾರನಿಗೆ ಹೇಗನ್ನಿಸುತ್ತೆ?"

"ನಂಗೊತ್ತಿರೋದು ಸೈಕಲ್ಲು ರಾಯರೇ. ಹತ್ತಿ, ತೋರಿಸ್ತೀನಿ" ಅಂದೆ.

ಪಂಚೆ ಎತ್ತಿ ಕಟ್ಟಿ ಹತ್ತಿದರು. ನಾನು ಹಿಂದೆ ಸೀಟು ಹಿಡಿದು ಓಡಿದೆ. ಕೈ ಬಿಟ್ಟ ಕೂಡಲೇ ಹೋಗಿ ಒಂದು ತಿಪ್ಪೆಗೆ ಬಿದ್ದರು. ಎದ್ದು ಮೈ ಕೊಡವಿಕೊಂಡು, "ಕುದುರೆಗಾದರೆ ಸ್ವಂತ ಬುದ್ಧಿ ಇರುತ್ತೆ. ಇದಕ್ಕೆ ಅದಿಲ್ಲ ನೋಡು, ಅದೇ ತೊಂದರೆ" ಎಂದರು. ಮುಂದಿನ ಕಾದಂಬರಿಯಲ್ಲಿ ಒಬ್ಬ ದಂಡನಾಯಕ ಕುದುರೆಯಿಂದ ಬಿದ್ದ. ಅವನು ಬಿದ್ದದ್ದು ಗುಲಾಬಿ ತೋಟಕ್ಕೆ.

ಒಂದು ವಿಷಯದಲ್ಲಿ ಮಾತ್ರ ಅವರು ತಮಾಷೆ ಸಹಿಸುತ್ತಿರಲಿಲ್ಲ. ಅದು ವೀರಗಲ್ಲು. ನಮ್ಮ ಸೀಮೆಯಲ್ಲಿ ಅದಕ್ಕೇನು ಬರ? ಕೆರೆ ಏರಿ, ಹೊಲದ ಬದು, ಎಲ್ಲಿ ನೋಡಿದರೂ ಯಾವನೋ ಒಬ್ಬ ಕಲ್ಲಲ್ಲಿ ಕತ್ತಿ ಎತ್ತಿಕೊಂಡು ನಿಂತಿರುತ್ತಾನೆ. ರಜೆ ಬಂದರೆ ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಒಂದೇ ಪಕ್ಕಕ್ಕೆ ಕೂತು ಹಳ್ಳಿ ಹಳ್ಳಿ ತಿರುಗುತ್ತಿದ್ದರು. "ಸತ್ತವರನ್ನ ನೆನೆಯದ ಊರು ಊರಲ್ಲ ಕಣಯ್ಯಾ, ಸಂತೆ" ಅನ್ನುವುದು ಅವರ ಮಾತು. ಒಮ್ಮೆ ಅರಕಲಗೂಡು ದಾರಿಯ ಒಂದು ಕಾಲುವೆಯಲ್ಲಿ ಹೆಂಗಸರು ವೀರಗಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದರು. ರಾಯರು ನಡುನೀರಿಗೆ ಇಳಿದು ಎರಡೂ ಕೈ ಎತ್ತಿ ಅಡ್ಡ ನಿಂತರು.

"ಅಮ್ಮಾ, ನಿಲ್ಲಿಸಿ! ಇವನು ನಿಮ್ಮೂರಿಗೋಸ್ಕರ ಪ್ರಾಣ ಕೊಟ್ಟ ವೀರ!"

ಮುದುಕಿಯೊಬ್ಬಳು ಸೀರೆ ಹಿಂಡುತ್ತಾ ಅಂದಳು: "ಪ್ರಾಣನೇ ಕೊಟ್ಟೋನು, ಬೆನ್ನು ಕೊಡಾಕಿಲ್ವಾ ಸಾಮಿ? ಸರೀರಿ ಅತ್ಲಾಗೆ."

ದಾರಿಯುದ್ದಕ್ಕೂ ರಾಯರು ನನ್ನ ಮೇಲೆ ಸಿಡುಕುತ್ತಾ ಬಂದರು, ಆ ಮಾತನ್ನು ನಾನೇ ಹೇಳಿಕೊಟ್ಟ ಹಾಗೆ.

ಇಂಥವರ ಕೈಗೆ ಒಂದು ನಿಜವಾದ ಯುದ್ಧ ಸಿಕ್ಕಿತು. ಅರವತ್ತೆರಡರ ಚಳಿಗಾಲ. ಚೀನಾದವರು ಗಡಿ ದಾಟಿ ಬಂದರು ಅಂತ ರೇಡಿಯೋ ಹೇಳಿತು. ಊರಿನಲ್ಲಿ ದಿನಾ ಮೆರವಣಿಗೆ. ಹೆಂಗಸರು ಓಲೆ ಬಿಚ್ಚಿಕೊಟ್ಟರು. ಸಾಹುಕಾರರು ಒಂದು ಉಂಗುರ ಕೊಟ್ಟರು. ಕೊಡುವಾಗ ಫೋಟೋದವನು ತಡಮಾಡಿದ ಅಂತ ವಾಪಸ್ ತೆಗೆದುಕೊಂಡು ಮತ್ತೊಮ್ಮೆ ಕೊಟ್ಟರು. ರಾಯರು ಚೌಕದಲ್ಲಿ ನಿಂತು ಮಾಡಿದ ಭಾಷಣ ಕೇಳಿದ್ದರೆ ಚೀನಾದವರು ಹೆದರುತ್ತಿದ್ದರೋ ಇಲ್ಲವೋ, ನಮ್ಮ ಬೀದಿ ಹುಂಜ ಹೆದರಿದ್ದು ನಿಜ.

ಆಗ ನಿಂಗಮ್ಮನಿಗೆ ತಂತಿ ಬಂತು. ನಿಂಗಮ್ಮ ನಮ್ಮೆರಡು ಮನೆಗೂ ಎಮ್ಮೆ ಹಾಲು ಹಾಕುತ್ತಿದ್ದವಳು. ಗಂಡ ಅರಕಲಗೂಡು ಕಡೆಯ ಹಳ್ಳಿಯವನು. ಅವನು ಮಿಲ್ಟ್ರಿಗೆ ಸೇರಿದ ಮೇಲೆ ಇವಳು ನಮ್ಮ ಹಿಂದಿನ ಓಣಿಯ ತವರುಮನೆಗೆ ಬಂದಿದ್ದಳು. ತಂತಿಯಲ್ಲಿ ಇದ್ದದ್ದು ಗಂಡ ಕಾಣೆಯಾಗಿದ್ದಾನೆ ಅಂತ, ಅಷ್ಟೇ. ಓದಿಸಿಕೊಂಡು ಕೇಳಿದಳು, ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು, ಎಮ್ಮೆ ಕರೆಯೋಕೆ ಹೋದಳು.

ಸಾಹುಕಾರರಿಗೆ ಸುದ್ದಿ ತಲುಪಿದ್ದು ಬೇರೆ ಥರ. ನನ್ನ ಅಂಗಡಿ ಮುಂದೆಯೇ ರಾಯರನ್ನು ಹಿಡಿದು ಅಂದರು: "ರಾಯರೇ, ನಮಗೂ ಒಬ್ಬ ಸಿಕ್ಕಿದ. ಹಾಸನದೋರು ಸ್ಮಾರಕ ಮಾಡೋಕೆ ಮುಂಚೆ ನಾವು ಮಾಡ್ಬೇಕು. ದೊಡ್ಡೋರನ್ನ ಕರೆಸ್ತೀನಿ. ಹಳೇ ಕಾಲದ ಥರಾನೇ ವೀರಗಲ್ಲು. ನಕ್ಷೆ ನಿಮ್ದು, ಕಲ್ಲ ಮೇಲೆ ನಾಲ್ಕು ಸಾಲು ಶಾಸನ ನಿಮ್ದು, ಅವತ್ತಿನ ಭಾಷಣ ನಿಮ್ದು. ಮಿಕ್ಕಿದ್ದು ನಂದು."

ರಾಯರ ಕಣ್ಣು ಒದ್ದೆಯಾಯಿತು. ನೂರಾರು ವರ್ಷದಿಂದ ನಿಂತುಹೋಗಿದ್ದ ಪದ್ಧತಿ ತಮ್ಮ ಕೈಯಲ್ಲಿ ಮತ್ತೆ ಶುರುವಾಗುತ್ತದಲ್ಲ! ಒಂದೇ ಪಟ್ಟಿಗೆ ಕೂತು ನಕ್ಷೆ ಬರೆದು ಚನ್ನರಾಯಪಟ್ಟಣದ ಕಲ್ಲುಕೆಲಸದ ಆಚಾರಿಗೆ ಕಳಿಸಿದರು. ಕಾಣೆಯಾದವನನ್ನು ಹುಡುಕುತ್ತಿದ್ದಾರಾ ಅಂತ ಸಾಹುಕಾರರು ಕಟ್ಟಿದ ಸ್ಮಾರಕ ಸಮಿತಿಯಲ್ಲಿ ಯಾರೂ ಕೇಳಲಿಲ್ಲ. ಸಿಕ್ಕಿಬಿಟ್ಟರೆ ಕಷ್ಟ ಎಂದು ಇದ್ದಿರಬೇಕು.

ಸಂಕ್ರಾಂತಿ ಕಳೆದ ಮೇಲೆ ಕಲ್ಲು ಮುಗಿಯಿತು ಅಂತ ಹೇಳಿಕಳಿಸಿದ ಆಚಾರಿ. ರಾಯರು ಹೊರಟರು. ನಿಂಗಮ್ಮನೂ ನೋಡಲಿ ಅಂತ ಅವರದೇ ಹಟ. "ಅವಳ ಎದೆ ಉಬ್ಬುತ್ತೆ ಕಣಯ್ಯಾ, ನೋಡ್ತಿರು" ಅಂದರು. ಚನ್ನರಾಯಪಟ್ಟಣದಲ್ಲಿ ನನಗೆ ಟೈರು ತರುವ ಕೆಲಸವಿತ್ತು, ಮೂವರೂ ಒಂದೇ ಬಸ್ಸಿನಲ್ಲಿ ಹೋದೆವು. ಅವಳಿಗೆ ಏನೋ ಗೌರವದ ಕಲ್ಲು ಅಂತ ಮಾತ್ರ ಹೇಳಿದ್ದರು.

ಕೆರೆ ಪಕ್ಕದ ಗರಿ ಚಪ್ಪರದಲ್ಲಿ ಕಲ್ಲನ್ನು ಒರಗಿಸಿದ್ದರು. ಕೆಲಸ ಚೆನ್ನಾಗಿತ್ತು, ಅದನ್ನು ಒಪ್ಪಬೇಕು. ಕೆಳಗಿನ ಅಂಕಣದಲ್ಲಿ ಯುದ್ಧ. ರಾಯರ ನಕ್ಷೆಯಲ್ಲಿ ಕತ್ತಿ ಇತ್ತು, ಸಾಹುಕಾರರು ಬಂದೂಕು ಇರಬೇಕು ಎಂದಿದ್ದರು. ಆಚಾರಿ ಇಬ್ಬರ ಮಾತೂ ಉಳಿಸಿ, ಕುದುರೆ ಮೇಲೆ ಕೂತವನ ಕೈಗೆ ಒನಕೆಯಂಥದ್ದೊಂದು ಕೊಟ್ಟಿದ್ದ. ನಡುವಿನ ಅಂಕಣದಲ್ಲಿ ಇಬ್ಬರು ಅಪ್ಸರೆಯರು ಅವನ ಕಂಕುಳಿಗೆ ಕೈಹಾಕಿ ಮೇಲಕ್ಕೆ ಎತ್ತಿಕೊಂಡು ಹೋಗುತ್ತಿದ್ದರು. ಮೇಲೆ ಲಿಂಗ, ಸೂರ್ಯ, ಚಂದ್ರ. ಇದೆಲ್ಲದರ ಪಕ್ಕದಲ್ಲಿ ಉದ್ದಕ್ಕೆ ಒಂದು ಕೈ. ಮೊಣಕೈಯಲ್ಲಿ ಮಡಿಸಿ ಮೇಲಕ್ಕೆತ್ತಿದ ಹೆಂಗಸಿನ ಕೈ, ತುಂಬ ಬಳೆ, ಬೆರಳ ನಡುವೆ ನಿಂಬೆಹಣ್ಣು.

ನಿಂಗಮ್ಮ ಅಪ್ಸರೆಯರನ್ನು ಒಂದು ಗಳಿಗೆ ಗುರಾಯಿಸಿದಳು. ಆಮೇಲೆ ಆ ಬಳೆಗಳ ಮೇಲೆ ಬೆರಳಾಡಿಸಿ ಕೇಳಿದಳು: "ಇದ್ಯಾರ ಕೈ ಆಚಾರ್ರೇ?"

ಆಚಾರಿ ಸಂತೋಷವಾಗಿ ಹೇಳಿದ: "ನಿಂದೇ ಕಣವ್ವ."

"ನಂದಾ?"

"ಊಂ. ಮಾಸ್ತಿ ಕೈ. ಗಂಡ ಯುದ್ಧದಾಗೆ ಹೋದ, ಹೆಂಡ್ತಿ ಕೊಂಡ ಹಾಯ್ದು ಹಿಂದೇನೇ ಹೋದ್ಲು ಅಂತ. ರಾಯರ ನಕ್ಷೆಯಾಗೇ ಇತ್ತು."

ನಾನು ರಾಯರ ಕಡೆ ತಿರುಗಿದೆ. ತಮ್ಮ ನಕ್ಷೆಯನ್ನೇ ಮೊದಲ ಸಲ ನೋಡುವವರ ಹಾಗೆ ಕಲ್ಲು ನೋಡುತ್ತಿದ್ದರು. ಅವರೇನು ಕೆಟ್ಟದ್ದು ಬಯಸಿ ಬರೆದದ್ದಲ್ಲ, ಕೈ ಅಭ್ಯಾಸ ಅಷ್ಟೇ. ಇಪ್ಪತ್ತು ಕಾದಂಬರಿಯಲ್ಲಿ ನಾಯಕ ಸತ್ತ ಮುಂದಿನ ಪುಟದಲ್ಲಿ ನಾಯಕಿಯನ್ನು ಬೆಂಕಿಗೆ ಹಾಕಿದ ಕೈ, ಇಲ್ಲೂ ತಾನಾಗಿ ಹಾಕಿಬಿಟ್ಟಿತ್ತು.

"ನಾನೆಲ್ಲಿ ಹಾಯ್ದೆ ಸಾಮಿ?" ಅಂದಳು ನಿಂಗಮ್ಮ. ಕೂಗಲಿಲ್ಲ. "ಬೆಳಿಗ್ಗೆ ಹಾಲು ಕರ್ದು, ನಿಮ್ಮನೇಗೂ ಹಾಕಿ, ಬಸ್ ಹತ್ತಿ ಬಂದಿವ್ನಿ. ಕಾಣೆ ಅಂದವ್ರೆ ತಂತೀಲಿ. ಕಾಣೆ ಅಂದ್ರೆ ಸತ್ತ ಅಂತ ಯಾವ ಇಸ್ಕೂಲ್ನಾಗೆ ಯೋಳ್ಕೊಟ್ರು ನಿಮ್ಗೆ?"

ರಾಯರು ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸತೊಡಗಿದರು. ಅವಳು ಬಿಡಲಿಲ್ಲ.

"ನೀವು ಈ ಕಲ್ಲು ನೆಟ್ಟು, ಪೂಜೆ ಮಾಡಿ, ಎಡೆ ಇಕ್ಕಿದ್ರೆ ಮುಗೀತು. ನಾಳೀಕೆ ನಾನು ಕುಂಕ್ಮ ಇಕ್ಕಂಡು ಬೀದಿಗೆ ಬಂದ್ರೆ ಊರು ಸುಮ್ಕಿದ್ದಾತಾ? ಬಳೆ ತೆಗಿ ಅಂತದೆ. ಅವ್ನು ಅಲ್ಲೆಲ್ಲೋ ಉಸ್ರಾಡ್ತಿರ್ತಾನೆ, ನಾನಿಲ್ಲಿ ಬರೀ ಅಣೇಲಿ ಕುಂತಿರ್ಬೇಕಾ? ನೀವು ಓದಿದೋರು. ನೀವೇ ಯೋಳಿ."

ಇಷ್ಟು ಹೇಳಿ ಹೊರಗೆ ಹೋಗಿ ಬಸ್ಸಿಗೆ ನಿಂತಳು. ವಾಪಸ್ ಬರುವಾಗ ಅವಳು ಮುಂದಿನ ಸೀಟು, ನಾವು ಹಿಂದಿನದು. ಬಹಳ ದೂರ ಬಂದ ಮೇಲೆ ರಾಯರು ಮೆಲ್ಲಗೆ ಅಂದರು: "ನೆನೆಯೋದಕ್ಕೂ ಎಷ್ಟು ಆತುರ ನೋಡಯ್ಯಾ ನಮಗೆ. ಮನುಷ್ಯ ಸಾಯೋವರೆಗೂ ಕಾಯೋಕಾಗಲ್ವಾ?"

"ಸಾಹುಕಾರ್ರಿಗೆ ಕೇಳಿ" ಅಂದೆ.

ಸಾಹುಕಾರರು ಕೇಳುವವರಲ್ಲ. ದೊಡ್ಡವರು ಬರುವ ದಿನ ಗೊತ್ತುಮಾಡುತ್ತಿದ್ದರು, ಶಾಮಿಯಾನದವನಿಗೆ ಹೇಳಿಯಾಗಿತ್ತು. ಬೇಕಿದ್ದದ್ದು ರಾಯರ ನಾಲ್ಕು ಸಾಲು. ಅಕ್ಷರ ಕೊರೆಯದೆ ಕಲ್ಲು ನೆಡುವ ಹಾಗಿಲ್ಲ. ನಾನು ನೋಡಿದ ಮಟ್ಟಿಗೆ ರಾಯರು ಅವರಿಗೆ ಎದುರು ನಿಂತು 'ಬೇಡ' ಅನ್ನಲಿಲ್ಲ. ಅಷ್ಟು ಧೈರ್ಯ ಅವರ ಪುಸ್ತಕದವರಿಗೆ ಮಾತ್ರ. ಅವರು ಮಾಡಿದ್ದು ಬೇರೆ. ಬರೆಯಲಿಲ್ಲ, ಅಷ್ಟೇ.

"ಏನಾಯ್ತು ರಾಯರೇ?" ಸಾಹುಕಾರರು ವಾರ ವಾರ ಬಂದು ಕೇಳುತ್ತಿದ್ದರು.

"ಛಂದಸ್ಸು ಕೂಡ್ತಿಲ್ಲ ಸಾಹುಕಾರ್ರೇ."

"ನಾಲ್ಕೇ ಸಾಲಲ್ವೇ?"

"ನಾಲ್ಕೇ ಆದ್ದರಿಂದ ಕಷ್ಟ. ನಾನೂರು ಪುಟ ಆಗಿದ್ರೆ ಇಷ್ಟೊತ್ತಿಗೆ ಕೊಡ್ತಿದ್ದೆ."

ಊರು ನಕ್ಕಿತು. ರಾಯರ ಬಾವಿ ಬತ್ತಿತು ಎಂದರು ಕಚೇರಿಯವರು. ಕಾಫಿ ಹೋಟೆಲಿನಲ್ಲಿ ಅವರು ಕಾಲಿಟ್ಟರೆ ಸಾಕು, ಯಾರಾದರೂ ಒಬ್ಬ "ಸಾಲು ಬಂತಾ ರಾಯರೇ?" ಅನ್ನೋನು. ಮುಂಗೋಪಿ ಮನುಷ್ಯ, ಒಂದು ಕಾಗುಣಿತದ ತಪ್ಪಿಗೆ ಪ್ರಕಾಶಕರ ಜೊತೆ ವರ್ಷಗಟ್ಟಲೆ ಮಾತು ಬಿಟ್ಟವರು. ಇದಕ್ಕೆ ಮಾತ್ರ "ಇನ್ನೂ ಇಲ್ಲಪ್ಪ" ಅಂತ ತಲೆ ತಗ್ಗಿಸಿ ಕಾಫಿ ಕುಡಿದು ಎದ್ದು ಬರುತ್ತಿದ್ದರು. ನಿಂಗಮ್ಮ ದಿನಾ ಬೆಳಿಗ್ಗೆ ಹಣೆ ತುಂಬ ಕುಂಕುಮ ಇಟ್ಟುಕೊಂಡು ಹಾಲು ಹಾಕಲು ಬರುತ್ತಿದ್ದಳು. ರಾಯರು ಬಾಗಿಲಲ್ಲಿ ನಿಂತು ಅವಳ ಹಣೆ ನೋಡಿ, ಒಳಗೆ ಹೋಗುತ್ತಿದ್ದರು.

ಕೊನೆಗೆ ಸಾಹುಕಾರರು ಉಪಾಯ ಹುಡುಕಿದರು. "ನೀವು ಆಯಾಸ ಪಡಬೇಡಿ. ಅರಕಲಗೂಡಿನ ಕವಿಗಳಿಗೆ ಹೇಳಿದ್ದೀನಿ. ಮದುವೆ ಮಂಟಪದಲ್ಲಿ ಕೂತ ಕೂತಲ್ಲೇ ಪದ್ಯ ಕಟ್ತಾರೆ. ಬುಧವಾರ ಕೊಡ್ತಾರೆ, ಗುರುವಾರ ಕೊರೆಯೋಕೆ ಶುರು."

ಆ ಮಂಗಳವಾರ ರಾಯರು ಕಚೇರಿಗೆ ರಜೆ ಹಾಕಿ ನನ್ನ ಅಂಗಡಿಗೆ ಬಂದರು. "ಚನ್ನರಾಯಪಟ್ಟಣಕ್ಕೆ ಹೋಗೋಣ. ಆ ಕೈಯನ್ನಾದರೂ ತೆಗೆಸಬೇಕು" ಅಂದರು.

ಆಚಾರಿ ಒಪ್ಪಲಿಲ್ಲ. "ಕೆತ್ತಿದ್ದನ್ನ ಅಳಿಸೋದು ನಮ್ಮ ಮನೆತನದಾಗಿಲ್ಲ ರಾಯರೇ. ನಾನು ಮುಟ್ಟಾಕಿಲ್ಲ."

"ನಾನು ಮುಟ್ಟಬಹುದೇ?"

"ನೀವಾ?" ಆಚಾರಿಗೆ ನಗು ತಡೆಯಲಾಗಲಿಲ್ಲ. "ಆಸೆ ಇದ್ರೆ ನೋಡಿ. ಉಳಿ ಅಲ್ಲೇ ಅದೆ."

ರಾಯರು ಜುಬ್ಬಾ ತೋಳು ಮಡಿಸಿ, ಕಲ್ಲಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. ಉಳಿ ಹಿಡಿದದ್ದೇ ತಪ್ಪು, ಪೆನ್ನು ಹಿಡಿದ ಹಾಗೆ. ಮೊದಲ ಪೆಟ್ಟು ಹೆಬ್ಬೆರಳಿಗೆ. "ಬಿಡಿ ರಾಯರೇ" ಅಂದೆ. ಕೇಳಿಸಿಕೊಳ್ಳಲಿಲ್ಲ. ಒಂದು ಬಳೆ ಹೋಯಿತು, ಎರಡನೆಯದು ಹೋಯಿತು. ಬೆವರು ಇಳಿದು ಕನ್ನಡಕ ಮಂಜಾಯಿತು. ನಾನು ದುಡಿಯುವವನು, ದುಡಿಮೆ ಕಂಡರೆ ಗೊತ್ತಾಗುತ್ತದೆ. ಅಷ್ಟು ವರ್ಷದ ಪರಿಚಯದಲ್ಲಿ ಈ ಮನುಷ್ಯ ಕೆಲಸ ಮಾಡುವುದನ್ನು ಅವತ್ತೇ ಮೊದಲು ನೋಡಿದ್ದು. ಆಚಾರಿ ಎಲೆ ಅಡಿಕೆ ಹಾಕಿಕೊಂಡು ಹೊರಗೆ ಹೋದ. ಸ್ವಲ್ಪ ಹೊತ್ತಾದ ಮೇಲೆ ರಾಯರು ಉಳಿಯನ್ನು ಕೈಯ ಬುಡಕ್ಕೆ ಇಟ್ಟು, ಸುತ್ತಿಗೆ ಎರಡೂ ಕೈಗಳಲ್ಲಿ ಎತ್ತಿ ಒಂದು ಪೆಟ್ಟು ಕೊಟ್ಟರು. ಉಳಿಯನ್ನು ಯಾರೂ ಹಿಡಿದಿರಲಿಲ್ಲ. ಅದು ಹೇಗೆ ನಿಂತಿತ್ತೋ ದೇವರೇ ಬಲ್ಲ. ಟಪ್ ಅಂತ ಸದ್ದಾಯಿತು. ಕಲ್ಲು ನಡುವಿಗೆ ಸೀಳಿತು. ಕುದುರೆ ಒಂದು ಕಡೆ, ಅಪ್ಸರೆಯರು ಇನ್ನೊಂದು ಕಡೆ.

ಆಚಾರಿ ಓಡಿ ಬಂದು ತಲೆ ಮೇಲೆ ಕೈ ಇಟ್ಟುಕೊಂಡ. "ಅಯ್ಯಯ್ಯೋ, ಕೆಟ್ಟೆ!"

"ನನ್ನದೇ ತಪ್ಪು ಆಚಾರ್ರೇ" ರಾಯರು ಏದುಸಿರು ಬಿಡುತ್ತಾ ಅಂದರು. "ಬೇರೆ ಕಲ್ಲು ಹುಡುಕಿ. ಅವಸರ ಏನಿಲ್ಲ. ನಿಧಾನವಾಗಿ ಹುಡುಕಿ."

ಬೇಕೆಂದು ಹೊಡೆದರೋ, ಕೈ ತಪ್ಪಿತೋ, ನಾನು ಕೇಳಲಿಲ್ಲ. ಬಸ್ಸಿನಲ್ಲಿ ಅಂಗೈ ಬಿಚ್ಚಿ ಬೊಬ್ಬೆಗಳನ್ನು ನೋಡಿಕೊಳ್ಳುತ್ತಾ ಕೂತಿದ್ದರು, ಪಾಸಾದ ಹುಡುಗ ಮಾರ್ಕು ನೋಡಿಕೊಳ್ಳುವ ಹಾಗೆ.

ಸಾಹುಕಾರರು ಚೌಕದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಅಂದರು: "ಚೀನಾದೋರು ಅರ್ಧಕ್ಕೆ ಬಿಟ್ಟಿದ್ದನ್ನ ನಮ್ಮ ರಾಯರು ಪೂರ್ತಿ ಮಾಡಿದ್ರು!" ಆ ವರ್ಷವೆಲ್ಲ ಊರಿಗೆ ಅದೇ ನಗೆ. ರಾಯರನ್ನು ಸಮಿತಿಯಿಂದ ತೆಗೆದರು. ಶಾಮಿಯಾನದವನು ಬೇರೆ ಮದುವೆಗೆ ಹೋದ. ಚನ್ನರಾಯಪಟ್ಟಣದ ಆಚಾರಿಗೆ ರಾಯರು ಹೇಳಿದಂತೆ ಬೇರೆ ಕಲ್ಲು ನಿಧಾನವಾಗಿಯೇ ಸಿಗುವುದಿತ್ತು.

ಅದು ಸಿಗುವ ಮೊದಲೇ, ಬೇಸಗೆಯ ಒಂದು ಮಧ್ಯಾಹ್ನ, ಹಾಸನದ ಕಡೆಯ ರೈಲಿನಿಂದ ನಿಂಗಮ್ಮನ ಗಂಡ ಇಳಿದ. ಚೀನಾದವರು ಸೆರೆ ಹಿಡಿದಿದ್ದವರನ್ನು ಬಿಟ್ಟಿದ್ದರು. ಕಡ್ಡಿಯಾಗಿದ್ದ. ಚಳಿಗೆ ಎಡಗಾಲಿನ ಬೆರಳು ಹೋಗಿದ್ದವು. ನಡೆಯುವುದು ಕಷ್ಟ ಅಂತ ನನ್ನ ಸೈಕಲ್ಲಿನ ಮೇಲೆ ಕೂರಿಸಿಕೊಂಡು ನಾನೇ ಓಣಿಗೆ ತಳ್ಳಿಕೊಂಡು ಹೋದೆ. ದಾರಿಯಲ್ಲಿ ಸಾಹುಕಾರರು ಎದುರಾದರು.

"ಬದುಕಿದ್ದೀಯೇನೋ?" ಅಂದರು. ಮಾತು ಮಾಡಿಕೊಂಡು ತಪ್ಪಿದವನನ್ನು ಕೇಳುವ ಧಾಟಿ.

"ಊಂ ಸಾ. ಇದೀನಿ" ಅಂದ ಅವನು, ಕ್ಷಮೆ ಕೇಳುವವನ ಹಾಗೆ.

ಮೊದಲ ದಿನ ಹಾರ ಹಾಕಿದರು. ವಾರ ಕಳೆಯುವುದರೊಳಗೆ ಕಾಫಿ ಹೋಟೆಲಿನಲ್ಲಿ ಮಾತು ಬೇರೆಯಾಯಿತು. ಕೈ ಎತ್ತಿ ಶರಣಾದನಂತೆ, ಗುಂಡು ಹಾರಿಸಲೇ ಇಲ್ಲವಂತೆ, ವೀರ ಅಂದರೆ ಇವನೇನಾ, ಹೀಗೆ. ನಾನು ಅಲ್ಲೇ ಇದ್ದೆ. ಮೂಲೆಯಲ್ಲಿದ್ದ ರಾಯರು ಲೋಟ ಕೆಳಗಿಟ್ಟು ಎದ್ದರು. ಆ ಜಾಗದಲ್ಲಿ ತಿಂಗಳುಗಟ್ಟಲೆ ತಲೆ ತಗ್ಗಿಸಿದ್ದ ಮನುಷ್ಯ.

"ನನ್ನ ಪುಸ್ತಕದಲ್ಲಿ ಒಬ್ಬ ಸೈನಿಕನ ಕಾಲೂ ಚಳಿಗೆ ಮರಗಟ್ಟಿಲ್ಲ ಕಣ್ರಯ್ಯಾ" ಅಂದರು. "ನಾನು ಬರೆಯೋದು ಮರೆತೆ. ನೀವು ಅದನ್ನೇ ಓದಿ ಕೆಟ್ಟಿರಿ. ಎತ್ತಿದ ಕೈ ಇಳಿಸಿಕೊಂಡು ಮನೆಗೆ ಬಂದನಲ್ಲ, ಸಾಕು."

ಯಾರಿಗೂ ಪೂರ್ತಿ ಅರ್ಥವಾಗಲಿಲ್ಲ. ಆದರೆ ಹೋಟೆಲಿನವರು ಆ ದಿನ ಆ ಮಾತು ಮುಂದುವರಿಸಲಿಲ್ಲ.

ಒಂದು ಭಾನುವಾರ ನಿಂಗಮ್ಮ ನಮ್ಮಿಬ್ಬರನ್ನೂ ಊಟಕ್ಕೆ ಕರೆದಳು. ಮಡಿ ಬಿಟ್ಟು ಬೇರೆಯವರ ಮನೆಯಲ್ಲಿ ನೀರೂ ಮುಟ್ಟದ ರಾಯರು ಬರುವುದಿಲ್ಲ ಎಂದುಕೊಂಡಿದ್ದೆ. ಒಗೆದ ಜುಬ್ಬಾ ಹಾಕಿಕೊಂಡು ನನಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದರು. ಜೇಬಿನಲ್ಲಿ ಪೆನ್ನು, ಕಾಗದ. ಯುದ್ಧ ಹೇಗಿತ್ತು ಅಂತ ಕೇಳಬೇಕು ಎಂದಿದ್ದರು ಪಾಪ, ಹುಟ್ಟುಗುಣ. ನಿಂಗಮ್ಮ ಜೇಬು ನೋಡಿದಳು.

"ಒಳೀಕೆ ಬನ್ನಿ ಸಾಮಿ. ಯುದ್ಧದ ಮಾತು ಮಾತ್ರ ಬ್ಯಾಡಿ. ನಿದ್ದೇಲೂ ಅದೇ ಆಗೋಗದೆ."

ರಾಯರು ಪೆನ್ನು ತೆಗೆದು ನನ್ನ ಕೈಗೆ ಕೊಟ್ಟು ಒಳಗೆ ಹೋದರು.

ಮುದ್ದೆ, ಹುರುಳಿಕಾಳಿನ ಸಾರು. ರಾಯರು ಮುದ್ದೆಯನ್ನು ಅಗಿಯತೊಡಗಿದರು. "ಅಗೀಬ್ಯಾಡಿ, ನುಂಗಿ" ಅಂತ ನಿಂಗಮ್ಮ ನಕ್ಕಳು. ಅವಳ ಗಂಡನೂ ನಕ್ಕ. ಬಂದ ಮೇಲೆ ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಎಮ್ಮೆ ವಿಷಯ ಬಂತು, ಮಳೆ ವಿಷಯ ಬಂತು. ನಡುವೆ ಅವನು ರಾಯರ ಕಡೆ ತಿರುಗಿ ಸಂಕೋಚದಿಂದ ಕೇಳಿದ: "ತಾವು ಏನ್ ಕೆಲ್ಸ ಮಾಡ್ಕಂಡಿದ್ದೀರಿ ಸಾ?"

ಹಾಸನ ಜಿಲ್ಲೆಯಲ್ಲೇ ರಾಯರನ್ನು ಹೀಗೆ ಕೇಳಿದವನು ಬೇರೆ ಇರಲಾರ. ನಿಂಗಮ್ಮ ಸಾರಿನ ಸೌಟು ಹಿಡಿದು ನಿಂತಳು. ರಾಯರು ಸಾರು ಮೆತ್ತಿದ ಅಂಗೈ ಒಮ್ಮೆ ನೋಡಿಕೊಂಡರು.

"ಕಲ್ಲುಕೆಲಸ ಕಣಪ್ಪಾ" ಅಂದರು. "ಚೆನ್ನಾಗಿ ಬರಲ್ಲ."